ಬಲದ ಕಿವಿ

ಹಂಪನಕಟ್ಟೆಯಲ್ಲಿ ಬಸ್ಸಿಳಿದು ಕಚೇರಿಯ ಮೆಟ್ಟಿಲು ಹತ್ತುವಾಗ ಡ್ಯಾಫ್ನಿ ಹೇಳಬೇಕಾದ ಮಾತನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿದಳು. ಈ ತಿಂಗಳ ಕೊನೆಗೆ ನಾನು ಕೆಲಸ ನಿಲ್ಲಿಸ್ತೇನೆ ಸರ್. ಯಾಕೆ ಎಂದು ಯಜಮಾನ ಪೃಥ್ವಿರಾಜ್ ಕೇಳಿಯೇ ಕೇಳುತ್ತಾನೆ. ಆಗ ಮೊಣಕಾಲು ಎನ್ನುವುದು. ಮೊಣಕಾಲು ನೋವು ಮರ್ಯಾದಸ್ಥರ ಕಾಯಿಲೆ, ಅದಕ್ಕೆ ಪ್ರತಿಯೊಬ್ಬರ ಹತ್ತಿರವೂ ಒಂದು ಎಣ್ಣೆಯ ಹೆಸರು ಇರುತ್ತದೆ. ಕಿವಿ ಹಾಗಲ್ಲ. ಕಿವಿ ಕೇಳದವರನ್ನು ಕಂಡರೆ ಒಳ್ಳೆಯವರಿಗೂ ತುಟಿಯ ಮೂಲೆಯಲ್ಲಿ ಸ್ವಲ್ಪ ನಗೆ ಬರುತ್ತದೆ. ಈಗಷ್ಟೇ ಬಸ್ಸಿನಲ್ಲಿ ಕಂಡಕ್ಟರ್ ಬಲಗಡೆಯಿಂದ ಏನೋ ಹೇಳಿದ್ದ. ಅವಳು ಟಿಕೇಟಿಗೆಂದು ದುಡ್ಡು ಚಾಚಿದಳು. ಅವನು ಟಿಕೇಟು ಆಗಲೇ ಕೊಟ್ಟಾಗಿತ್ತು. ಹೇಳಿದ್ದು ಸ್ವಲ್ಪ ಮುಂದೆ ಹೋಗಿ ಎಂದು. ಅವನು ನಗಲಿಲ್ಲ, ಗದರಲಿಲ್ಲ, ಅವಳ ಚೀಲವನ್ನು ತಾನೇ ಎತ್ತಿ ಮುಂದಿನ ಸೀಟಿನ ಹತ್ತಿರ ಇಟ್ಟ. ಹಾಗೆ ಇಟ್ಟದ್ದೇ ಅವಳಿಗೆ ಮೆಟ್ಟಿಲಿನುದ್ದಕ್ಕೂ ಚುಚ್ಚುತ್ತ ಬಂತು. ಎಲ್ಲರಿಗೂ ಗೊತ್ತಾಗುವ ಹಾಗಾಗಿದೆ ಎಂದುಕೊಂಡಳು.

ಅವರದು ಕೇಳಿ ಬರೆಯುವ ಕಚೇರಿ. ಸಹಕಾರ ಸಂಘದ ಸಭೆಗಳು, ವಕೀಲರು ಮೊಬೈಲಿನಲ್ಲಿ ಹೇಳಿ ಕಳಿಸಿದ ಅರ್ಜಿಗಳು, ಕಾಲೇಜಿನವರು ಊರೂರು ತಿರುಗಿ ರೆಕಾರ್ಡು ಮಾಡಿ ತಂದ ಮುದುಕರ ಮಾತುಗಳು, ಎಲ್ಲ ಇಲ್ಲಿಗೆ ಬರುತ್ತವೆ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಲಡಿಯ ಪೆಡಲ್ ಒತ್ತಿದರೆ ಮಾತು ಓಡುತ್ತದೆ, ಹಿಂದಕ್ಕೆ ಒತ್ತಿದರೆ ಹಿಂದೆ ಬರುತ್ತದೆ. ಕೈ ಬರೆಯುತ್ತ ಹೋಗುತ್ತದೆ. ಹಲ್ಲಿಲ್ಲದವರ ಮಾತು, ಹಿಂದೆ ಮಿಕ್ಸಿ ತಿರುಗುತ್ತಿರುವ ಮಾತು, ತುಳುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವ ಮಾತು, ಯಾರಿಗೂ ತಿಳಿಯದೆ ಹೋದರೆ ಪೃಥ್ವಿರಾಜ್ ತನ್ನ ಗಾಜಿನ ಕೋಣೆಯಿಂದ ಕೂಗುತ್ತಿದ್ದ: ‘ಅದನ್ನು ಡ್ಯಾಫ್ನಿ ಮೇಡಮಿಗೆ ಕೊಡಿ ಮಾರಾಯ್ರೆ, ಅವರಿಗೆ ಕೇಳ್ತದೆ.’ ಅವನ ತಂದೆ ಗದ್ದೆ ಮಾರಿ ಈ ಕಟ್ಟಡದಲ್ಲಿ ಟೈಪಿಂಗ್ ಸಂಸ್ಥೆ ಇಟ್ಟ ಕಾಲದಿಂದ ಅವಳು ಇಲ್ಲಿದ್ದಾಳೆ. ಅವಳನ್ನು ಚೆಂದ ಎಂದು ಯಾರೂ ಹೇಳಿದ್ದಿಲ್ಲ, ಜಾಣೆ ಎಂದು ಶಾಲೆಯಲ್ಲಿ ಒಬ್ಬ ಸಿಸ್ಟರ್ ಹೇಳಿದ್ದರು. ಆದರೆ ‘ಅವರಿಗೆ ಕೇಳ್ತದೆ’ ಎಂಬ ಮಾತು ಅವಳದೇ ಆಗಿತ್ತು. ಅದನ್ನು ಅವಳು ಬಿಜೈಯ ಬಾಡಿಗೆ ಮನೆಗೂ ಕೊಂಡುಹೋಗುತ್ತಿದ್ದಳು, ಇಗರ್ಜಿಗೂ ಕೊಂಡುಹೋಗುತ್ತಿದ್ದಳು.

ಎರಡು ವಾರದ ಹಿಂದೆ ಸುಹೈಲಾ ಅವಳ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದಳು. ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದು ಸುಹೈಲಾ. ಅವಳ ಪದ್ಧತಿ ಒಂದೇ: ಮೂಲೆಯಲ್ಲಿ, ನೀರಿನ ಫಿಲ್ಟರಿನ ಹತ್ತಿರ, ಯಾರೂ ಕೂರದ ಒಂದು ಕಂಪ್ಯೂಟರು ಉಂಟು. ಹೊಸ ಸಿಸ್ಟಮನ್ನು ಮೊದಲು ಅದರಲ್ಲಿ ಕಟ್ಟುವುದು. ಅದಕ್ಕೆ ಇಡೀ ದಿನ ಹಿಡಿಯುತ್ತದೆ, ಪಾಪದ ಕಂಪ್ಯೂಟರು ಜ್ವರ ಬಂದವರ ಹಾಗೆ ಬಿಸಿಯಾಗಿ ಉಸಿರು ಬಿಡುತ್ತದೆ. ಕಟ್ಟಿ ಆದ ಮೇಲೆ ಉಳಿದ ಕಂಪ್ಯೂಟರುಗಳು ತಾವು ಏನೂ ಕಟ್ಟಬೇಕಾಗಿಲ್ಲ. ತಂತಿಯ ಮೂಲಕ ಅದರಿಂದಲೇ ತೆಗೆದು ಹಾಕಿಕೊಂಡರಾಯಿತು.

‘ಮದುವೆ ಮನೆಯ ಹಾಗೆ ಡ್ಯಾಫ್ನಿಯಕ್ಕ,’ ಸುಹೈಲಾ ಹೇಳಿದ್ದಳು. ‘ಒಂದೇ ದೊಡ್ಡ ಬಿರಿಯಾನಿ ಚೆಂಬಿನಲ್ಲಿ ಬೇಯಿಸುದು, ಎಲ್ಲರಿಗೂ ಅದರಿಂದಲೇ ಬಡಿಸುದು. ಆದ್ರೆ ಬಡಿಸುವ ಮೊದಲು ಒಬ್ಬರು ಉಪ್ಪು ನೋಡ್ಬೇಕಲ್ಲ. ಅದು ನೀವು.’

‘ಯಾವಾಗ್ಲೂ ನಾನೇ ಯಾಕೆ?’

‘ನೀವಾದ್ರೆ ಗಲಾಟೆ ಮಾಡುದಿಲ್ಲ. ಮುದ್ದಣ್ಣನಿಗೆ ಹಾಕಿದ್ರೆ ಒಂದು ಚಿಕ್ಕ ಬಟನ್ ಆಚೆ ಹೋದ್ರೂ ಬೊಬ್ಬೆ.’

ಅದು ಹೊಗಳಿಕೆಯೋ ಅಲ್ಲವೋ ಎಂದು ಯೋಚಿಸುತ್ತಲೇ ಅವಳು ಹೆಡ್‌ಫೋನ್ ಹಾಕಿಕೊಂಡಿದ್ದಳು. ಬಲಗಡೆ ಏನೂ ಇರಲಿಲ್ಲ. ಸದ್ದು ಕಡಿಮೆಯಾದದ್ದಲ್ಲ, ಹತ್ತಿ ತುಂಬಿದ ಹಾಗೆ ಏನೂ ಇಲ್ಲದ್ದು. ಅವಳು ಕೈಯನ್ನು ಬಲಕಿವಿಯ ಹತ್ತಿರ ತಂದು ಬೆರಳು ಉಜ್ಜಿದಳು. ಕೇಳಿತೋ, ಕೇಳಿದ ಹಾಗೆ ಅನಿಸಿತೋ. ಆಗ ಅವಳಿಗೆ ನೆನಪಾದದ್ದು ಕಂಪ್ಯೂಟರಲ್ಲ, ಅಮ್ಮ. ಅಮ್ಮ ರೊಸಾಲಿನ್‌ಳಿಗೂ ಮೊದಲು ಹೋದದ್ದು ಬಲಗಡೆಯದೇ. ಅಮ್ಮ ಕೇಳದಿದ್ದಾಗ ನಗುತ್ತಿದ್ದಳು, ತಲೆಯಾಡಿಸುತ್ತಿದ್ದಳು. ಸಾವಿನ ಸುದ್ದಿಗೂ ಹಾಗೆ ಒಮ್ಮೆ ತಲೆಯಾಡಿಸಿ ‘ಬರೆಂ ಬರೆಂ’, ಒಳ್ಳೆಯದಾಯಿತು, ಎಂದುಬಿಟ್ಟಿದ್ದಳು. ಕೊನೆಕೊನೆಗೆ ಮನೆಯಲ್ಲಿ ಅಮ್ಮನಿಗೆ ಬೇಕಾದಷ್ಟೇ ಹೇಳುತ್ತಿದ್ದರು, ಊಟ ಆಯ್ತು, ಕರೆಂಟು ಹೋಯ್ತು, ಬಾಗಿಲು ಹಾಕು. ಉಳಿದ ಮಾತೆಲ್ಲ ಅಮ್ಮನ ತಲೆಯ ಮೇಲಿಂದ ಹೋಗುತ್ತಿತ್ತು, ಮೇಜಿನ ಒಂದು ಬದಿಯಿಂದ ಇನ್ನೊಂದು ಬದಿಗೆ. ಡ್ಯಾಫ್ನಿಯ ಮಾತೂ ಹಾಗೆಯೇ ಹೋಗುತ್ತಿತ್ತು.

‘ಸರಿ ಉಂಟಾ?’ ಸುಹೈಲಾ ಕೇಳಿದ್ದಳು. ‘ಉಂಟು ಉಂಟು,’ ಎಂದಿದ್ದಳು ಡ್ಯಾಫ್ನಿ. ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಅವಳು ಕೇಳುತ್ತಲೇ ಇದ್ದಳು, ಇವಳು ಉಂಟು ಎನ್ನುತ್ತಲೇ ಇದ್ದಳು. ಹೆಡ್‌ಫೋನನ್ನು ತಿರುವುಮುರುವು ಹಾಕಿ ನೋಡಿದರೆ ತಪ್ಪು ಯಾವುದರದು ಎಂದು ತಿಳಿಯುತ್ತಿತ್ತು. ಅದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕೈ ಅಲ್ಲಿಯವರೆಗೆ ಹೋಗಿ ಕೂದಲು ಸರಿಮಾಡಿಕೊಂಡು ಇಳಿಯುತ್ತಿತ್ತು. ಮನೆಯಲ್ಲಿ ಫೋನನ್ನು ಬಲಗಡೆ ಹಿಡಿದು ನೋಡಿದಳು, ತಂಗಿಯ ಸ್ವರ ತೆಳ್ಳಗೆ ಕೇಳಿತು. ಅಷ್ಟು ಸಾಕಾಯಿತು. ಅದಕ್ಕಿಂತ ಹೆಚ್ಚು ತಿಳಿದುಕೊಳ್ಳುವ ಧೈರ್ಯ ಅವಳಿಗೆ ಇರಲಿಲ್ಲ.

ಆದರೆ ಕೆಲಸ ನಿಲ್ಲುವುದಿಲ್ಲವಲ್ಲ. ಕಾಲೇಜಿನವರು ಹಳೆ ಬಂದರಿನವರ ಮಾತುಗಳನ್ನು ಕಳಿಸಿದ್ದರು. ದಕ್ಕೆಯಲ್ಲಿ ಮಂಜಿ ಹಡಗುಗಳಿಗೆ ಸಾಮಾನು ಏರಿಸುತ್ತಿದ್ದ ಮೊಯ್ದೀನಬ್ಬ ಎಂಬ ಮುದುಕರದು ಅದರಲ್ಲಿ ಎಲ್ಲಕ್ಕಿಂತ ಉದ್ದದ್ದು. ಎರಡು ಮೈಕು ಇಟ್ಟು ರೆಕಾರ್ಡು ಮಾಡಿದ್ದರು. ಮುದುಕರ ಉತ್ತರ ಎಡಗಡೆ, ಪ್ರಶ್ನೆ ಕೇಳುವ ಹುಡುಗಿಯ ಸ್ವರ ಬಲಗಡೆ. ಹಾಗಾಗಿ ಡ್ಯಾಫ್ನಿಗೆ ಉತ್ತರಗಳು ಸಿಗುತ್ತಿದ್ದವು, ಪ್ರಶ್ನೆಗಳು ಸಿಗುತ್ತಿರಲಿಲ್ಲ. ಎಡಗಡೆಯ ಮೈಕಿನಲ್ಲಿ ಪ್ರಶ್ನೆ ಬಹಳ ದೂರದಿಂದ, ಪಕ್ಕದ ಮನೆಯಲ್ಲಿ ಯಾರೋ ಗೊಣಗಿದ ಹಾಗೆ ಬೀಳುತ್ತಿತ್ತು. ಸದ್ದು ಏರಿಸಿ, ಪೆಡಲ್ ಹಿಂದಕ್ಕೆ ಒತ್ತಿ ಒತ್ತಿ, ಎಡಕಿವಿ ನೋಯುವವರೆಗೆ ಕೇಳಿ ಬಹಳಷ್ಟನ್ನು ಹಿಡಿದಿದ್ದಳು. ಸಿಗದ ಕಡೆ ಉತ್ತರವನ್ನು ನೋಡಿಕೊಂಡು ಪ್ರಶ್ನೆಯನ್ನು ತಾನೇ ಬರೆದಳು. ಮೊದಲ ಸಲ ಹಾಗೆ ಬರೆದಾಗ ಬೆನ್ನು ಬೆವರಿತ್ತು. ಆಮೇಲೆ ಕೈಗೆ ಅಭ್ಯಾಸವಾಯಿತು. ಮುದುಕರು ‘ಹೆದರಿಕೆ ಆಗ್ಲಿಲ್ಲಾಂತ ಹೇಗೆ ಹೇಳುದು, ಆಯ್ತು, ಆದ್ರೆ ತೋರಿಸ್ಲಿಲ್ಲ’ ಎಂದರೆ ಇವಳು ಮೇಲೆ ‘ಸಮುದ್ರದಲ್ಲಿ ಬಿರುಗಾಳಿ ಬಂದಾಗ ಹೆದರಿಕೆ ಆಗಲಿಲ್ಲವೇ?’ ಎಂದು ಬರೆದಳು. ಸರಿಯಾಗಿ ಹೊಂದಿತು. ಹೊಂದಿದ್ದೇ ಅವಳನ್ನು ಹೆದರಿಸಿತು. ಕೇಳದೆ ಇರುವುದಕ್ಕಿಂತ ಕೇಳಿದವರ ಹಾಗೆ ಬರೆಯುವುದು ಕೆಟ್ಟದ್ದು ಎಂದು ಅವಳಿಗೆ ಗೊತ್ತಿತ್ತು. ಅಮ್ಮನ ತಲೆಯಾಡಿಸುವಿಕೆಯೇ ಇದು, ಬೆರಳಿನಲ್ಲಿ.

ಹಾಗಾಗಿ ಇವತ್ತು ಹೇಳಿಬಿಡುವುದೆಂದು ಬಂದಿದ್ದಳು. ಬಂದರೆ ಕಚೇರಿಯಲ್ಲಿ ಯಾರೂ ಕೆಲಸಕ್ಕೆ ಕೂತಿರಲಿಲ್ಲ. ಸುಹೈಲಾ ಹೊಸ ಸಿಸ್ಟಮನ್ನು ಉಳಿದ ಕಂಪ್ಯೂಟರುಗಳಿಗೂ ಹಾಕುತ್ತಿದ್ದಳು. ಎಲ್ಲ ಪರದೆಗಳ ಮೇಲೂ ಸಾಲುಗಳು ಓಡುತ್ತಿದ್ದವು. ಸಂಚಿತಾ ಕಿಟಕಿಯಲ್ಲಿ ನಿಂತು ತಲೆ ಬಾಚುತ್ತಿದ್ದಳು. ಮುದ್ದು, ತಲೆ ಪೂರ್ತಿ ನರೆತ ಟೈಪಿಸ್ಟು, ತನ್ನ ಕುರ್ಚಿಯನ್ನು ಬಿಟ್ಟುಕೊಡದೆ ಓಡುವ ಸಾಲುಗಳನ್ನು ಅನುಮಾನದಿಂದ ನೋಡುತ್ತಿದ್ದ.

‘ಇದು ನನ್ನ ಫೈಲು ತಿನ್ನುದಿಲ್ಲಲ್ಲ?’

‘ತಿನ್ನುದಿಲ್ಲ ಮುದ್ದಣ್ಣ. ಡ್ಯಾಫ್ನಿಯಕ್ಕನದ್ದರಲ್ಲಿ ಎರಡು ವಾರ ಓಡಿದೆ, ಒಂದು ಸೊಳ್ಳೆ ಕಚ್ಚಿದ ಕಂಪ್ಲೇಂಟ್ ಇಲ್ಲ.’

‘ಅವರು ಹಾವು ಕಚ್ಚಿದ್ರೂ ಹೇಳುವವರಲ್ಲ,’ ಎಂದ ಮುದ್ದು.

ಪೃಥ್ವಿರಾಜ್ ಯಾರೊಂದಿಗೋ ಫೋನಿನಲ್ಲಿದ್ದ, ಕೈಯಲ್ಲೇ ಡ್ಯಾಫ್ನಿಗೆ ಕೂರಲು ಸನ್ನೆ ಮಾಡಿದ. ಕಚೇರಿಯಲ್ಲಿ ಕೆಲಸ ನಡೆಯುತ್ತಿದ್ದ ಕಂಪ್ಯೂಟರು ಅವಳದೊಂದೇ. ಅವಳು ಹೆಡ್‌ಫೋನ್ ಹಾಕಿಕೊಂಡು ಪೆಡಲ್ ಒತ್ತಿದಳು, ಎಡಕಿವಿಯಲ್ಲಿ ಮೊಯ್ದೀನಬ್ಬ ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಚಹಾ ಬಂತು. ಮುದ್ದು ಎಲ್ಲರಿಗೂ ಕೊಡುತ್ತ ಬಂದು ಅವಳ ಲೋಟವನ್ನು ಮೇಜಿನ ಎಡಗಡೆ ಇಟ್ಟ. ನಿನ್ನೆಯೂ ಎಡಗಡೆ ಇಟ್ಟಿದ್ದ. ಅವನು ಗೊತ್ತಿದ್ದೇ ಇಟ್ಟನೋ, ಬಲಗಡೆ ಕಾಗದ ಇದ್ದುದರಿಂದಲೋ. ಕರುಣೆಯಿಂದ ಇಟ್ಟಿದ್ದರೆ ಕುಡಿಯುವುದು ಕಷ್ಟ, ಸುಮ್ಮನೆ ಇಟ್ಟಿದ್ದರೆ ಚಹಾ ಒಳ್ಳೆಯದಿತ್ತು. ಅವಳು ಕುಡಿದಳು.

ಮೊದಲು ಹೇಳಿದ್ದು ಸಂಚಿತಾ. ಅವಳ ಕಂಪ್ಯೂಟರು ಹೊಸ ಸಿಸ್ಟಮ್ ಹಾಕಿಸಿಕೊಂಡು ಎದ್ದು ಕೂತಿತ್ತು.

‘ಸುಹೈಲಕ್ಕ, ನನ್ನದು ಬಲಗಡೆ ಬರುದಿಲ್ಲ.’

‘ವೈರು ಸರಿ ಸಿಕ್ಕಿಸು.’

‘ಸಿಕ್ಕಿಸಿದ್ದೇನೆ. ಎಡ ಬರ್ತದೆ, ಬಲ ಎಂತದೂ ಇಲ್ಲ.’

‘ನನ್ನದೂ ಹಾಗೇ,’ ಎಂದ ಮುದ್ದು, ಗೆದ್ದವನ ಸ್ವರದಲ್ಲಿ. ‘ನಾನು ಹೇಳ್ಲಿಲ್ವಾ?’

ಡ್ಯಾಫ್ನಿಯ ಕಾಲು ಪೆಡಲಿನಿಂದ ಜಾರಿತು. ಕಿಟಕಿಯಾಚೆ ಬಸ್ಸಿನವನೊಬ್ಬ ‘ಶಕ್ತಿನಗರ, ಶಕ್ತಿನಗರ’ ಎಂದು ಕೂಗುತ್ತಿದ್ದ. ಕಿಟಕಿ ಇರುವುದು ಅವಳ ಬಲಗಡೆ. ಎರಡು ವಾರವೂ ಅವನು ಹಾಗೆ ಕೂಗಿರಬೇಕು, ಎರಡು ವಾರವೂ ಅವಳಿಗೆ ಕೇಳಿರಬೇಕು. ಅವಳೊಳಗೆ ಎದ್ದದ್ದು ಸಂತೋಷ, ಸಣ್ಣ ಮಕ್ಕಳಿಗಾಗುವ ಹಾಗೆ ನಾಚಿಕೆಯಿಲ್ಲದ್ದು. ಇಡೀ ಕಚೇರಿಯ ಕೆಲಸ ನಿಂತಿದೆ, ಅದೇ ಅವಳ ಸಂತೋಷ. ಮುಖ ಕಾಣದ ಹಾಗೆ ಪರದೆಯ ಕಡೆ ಬಾಗಿದಳು. ಅಷ್ಟರಲ್ಲಿ ಪೃಥ್ವಿರಾಜ್ ಹೊರಗೆ ಬಂದ.

‘ಎಂತ ಸುಹೈಲಾ, ನೋಡದೆ ಹಾಕಿದ್ದಾ? ಮಧ್ಯಾಹ್ನ ವಕೀಲರದ್ದು ಹೋಗ್ಬೇಕು.’

‘ನೋಡಿದ್ದೇನೆ ಸರ್. ಡ್ಯಾಫ್ನಿಯಕ್ಕನದ್ದರಲ್ಲಿ ಸರಿ ಉಂಟು. ಅಲ್ವಾ ಡ್ಯಾಫ್ನಿಯಕ್ಕ? ನಿಮಗೆ ಎರಡೂ ಕಡೆ ಬರ್ತದಲ್ಲ?’

ಎಲ್ಲರೂ ಅವಳ ಕಡೆ ತಿರುಗಿದರು. ಇಲ್ಲಿ ಹೇಳಬಹುದಾದ ಮಾತು ಎರಡಿದ್ದವು. ಒಂದು ಚಿಕ್ಕದು. ಅದು ತಾನಾಗಿಯೇ ಬಾಯಿಗೆ ಬಂತು.

‘ಈಗ ಹೋದ ಹಾಗೆ ಉಂಟು,’ ಎಂದಳು.

‘ಈಗಾ?’

‘ಈಗ. ಬೆಳಿಗ್ಗೆ ಇತ್ತು.’

ಸುಹೈಲಾಳ ಮುಖದಲ್ಲಿ ಬಿಡುಗಡೆಯಂಥದ್ದು ಕಂಡಿತು. ಹಾಗಾದರೆ ಅವಳು ಕಟ್ಟಿದ್ದರಲ್ಲಿ ತಪ್ಪಿಲ್ಲ. ಈಗ ಎಲ್ಲ ಕಡೆ ಒಟ್ಟಿಗೆ ಹೋಗಿದ್ದರೆ ಕರೆಂಟಿನದೋ ತಂತಿಯದೋ ಏನೋ ಆಗಿದೆ. ಅವಳು ದುಪ್ಪಟ್ಟವನ್ನು ಸೊಂಟಕ್ಕೆ ಸಿಕ್ಕಿಸಿ, ಮೊಬೈಲಿನ ಬೆಳಕು ಹಿಡಿದು ಮೇಜಿನಡಿ ನುಗ್ಗಿದಳು. ಸಂಚಿತಾಳ ಮೇಜಿನಡಿಯಿಂದ ಮುದ್ದುವಿನದಕ್ಕೆ, ಅಲ್ಲಿಂದ ಗೋಡೆಯ ಹತ್ತಿರದ ಪೆಟ್ಟಿಗೆಗೆ. ಪ್ಲಗ್ಗುಗಳನ್ನು ಒಂದೊಂದಾಗಿ ತೆಗೆದು, ಊದಿ, ಪುನಃ ಹಾಕಿದಳು. ಧೂಳಿಗೆ ಸೀನಿದಳು. ಮುದ್ದು ಕಾಲು ಎತ್ತಿಕೊಂಡು ಕೂತು, ‘ಆ ಬದಿಯಲ್ಲಿ ಜಿರಳೆ ಉಂಟು ನೋಡು’ ಎಂದ. ಪೃಥ್ವಿರಾಜ್ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಡ್ಯಾಫ್ನಿ ಮೇಜಿನಂಚಿನಿಂದ ಹೊರಗೆ ಚಾಚಿದ ಸುಹೈಲಾಳ ಅಂಗಾಲುಗಳನ್ನು ನೋಡುತ್ತಿದ್ದಳು. ಒಂದು ಹಿಮ್ಮಡಿಗೆ ಬ್ಯಾಂಡೇಜು ಅಂಟಿಸಿಕೊಂಡಿದ್ದಳು, ಹೊಸ ಚಪ್ಪಲಿ ಕಚ್ಚಿರಬೇಕು. ಎರಡು ವಾರದಲ್ಲಿ ಎಷ್ಟು ಸಲ ಅವಳು ಬಂದು ಕೇಳಿದ್ದಳು, ಸರಿ ಉಂಟಾ, ಏನಾದ್ರೂ ಇದ್ರೆ ಹೇಳಿ ಎಂದು. ಗಲಾಟೆ ಮಾಡದವಳು ಎಂದು ಎಲ್ಲರೂ ಹೇಳುತ್ತಾರೆ. ಗಲಾಟೆ ಮಾಡದವಳು ಬಾಯಿಬಿಟ್ಟು ಒಂದು ಸುಳ್ಳು ಹೇಳಿ, ಒಬ್ಬಳನ್ನು ನೆಲದಲ್ಲಿ ತೆವಳಿಸಿದ್ದಾಳೆ. ಆ ಹುಡುಗಿ ಇಲ್ಲದ ತಪ್ಪನ್ನು ಧೂಳಿನಲ್ಲಿ ಹುಡುಕುತ್ತಿದ್ದಾಳೆ, ಇಡೀ ದಿನ ಹುಡುಕಿದರೂ ಅದು ಅಲ್ಲಿ ಸಿಗುವುದಿಲ್ಲ.

‘ಸುಹೈಲಾ,’ ಎಂದಳು. ಇನ್ನೊಮ್ಮೆ ಕರೆದಳು. ‘ಅಲ್ಲಿ ನೋಡ್ಬೇಡ. ನನ್ನದರಲ್ಲಿ ಎರಡು ವಾರದಿಂದ ಹೀಗೇ ಉಂಟು.’

ಮೇಜಿನಡಿಯ ಬೆಳಕು ನಿಂತಿತು.

‘ಎಂತ?’

‘ನೀನು ಹಾಕಿದ ದಿನದಿಂದ. ನಾನು… ನನ್ನ ಕಿವಿ ಹೋಯ್ತು ಅಂತ ಎಣಿಸಿದ್ದೆ.’

ಸಂಚಿತಾ ಮೊದಲು ನಕ್ಕಳು, ತಡೆಯಲಾಗದೆ. ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮುದ್ದು, ‘ಅಲ್ಲ ಮಾರಾಯ್ತಿ, ಹೆಡ್‌ಫೋನ್ ತಿರುಗಿಸಿ ಹಾಕಿ ನೋಡ್ಬಹುದಿತ್ತಲ್ಲ,’ ಎಂದ. ‘ನೋಡ್ಬಹುದಿತ್ತು,’ ಎಂದಳು ಡ್ಯಾಫ್ನಿ. ಮುದ್ದು ಎತ್ತಿಕೊಂಡಿದ್ದ ಕಾಲನ್ನು ಮೆಲ್ಲಗೆ ಇಳಿಸಿದ.

ಸುಹೈಲಾ ಹಿಂದಕ್ಕೆ ಸರಿಯುತ್ತ ಹೊರಗೆ ಬಂದಳು. ಕೂದಲಿನಲ್ಲಿ ಜೇಡರಬಲೆ. ಅವಳು ಬೈಯುತ್ತಾಳೆ ಎಂದು ಡ್ಯಾಫ್ನಿ ಕಾದಳು. ಅವಳು ನೆಲದಲ್ಲೇ ಕೂತು ಯೋಚಿಸಿ, ‘ಒಳ್ಳೇದಾಯ್ತು,’ ಎಂದಳು. ‘ಹಾಗಾದ್ರೆ ತಪ್ಪು ಇಲ್ಲಿಲ್ಲ, ಕಟ್ಟಿದ್ದರಲ್ಲೇ ಉಂಟು. ಒಂದು ಕಡೆ ಸರಿ ಮಾಡಿದ್ರೆ ಎಲ್ಲ ಕಡೆ ಸರಿ ಆಗ್ತದೆ.’ ಮೂಲೆಯ ಕಂಪ್ಯೂಟರಿನ ಎದುರು ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಒಣನಗೆ ನಕ್ಕಳು. ಹೊಸದರಲ್ಲಿ ಬಲಗಡೆಯ ಸ್ವರ ಸೊನ್ನೆಗೆ ಬಂದು ಕೂತಿತ್ತು. ಅದೊಂದನ್ನು ಏರಿಸಿದರೆ ಸಾಕು, ಪುನಃ ಇಡೀ ದಿನ ಕಟ್ಟಬೇಕಾಗಿಲ್ಲ. ‘ನನಗೆ ಹೇಗೆ ಗೊತ್ತಾಗ್ಬೇಕು? ಈ ಮೂಲೆಯದಕ್ಕೆ ಹೆಡ್‌ಫೋನೇ ಇಲ್ಲ. ಇಡೀ ಆಫೀಸಿನಲ್ಲಿ ಇದನ್ನು ಕೇಳಿದ್ದು ನೀವೊಬ್ಬರೇ.’

ಇನ್ನೊಂದು ಉಳಿದಿತ್ತು. ಡ್ಯಾಫ್ನಿ ಎದ್ದು ಪೃಥ್ವಿರಾಜನ ಕೋಣೆಗೆ ಹೋಗಿ ನಿಂತಳು. ತಿಂಗಳ ಕೊನೆಯ ಮಾತು, ಮೊಣಕಾಲಿನ ಮಾತು ಅವಳಿಗೆ ನೆನಪಾಗಲಿಲ್ಲ. ಬಂದರಿನವರ ಮಾತಿನಲ್ಲಿ ಕೆಲವು ಪ್ರಶ್ನೆಗಳನ್ನು ಕೇಳದೆ ಬರೆದಿದ್ದೇನೆ ಎಂದಳು. ಊಹಿಸಿ ಬರೆದದ್ದು. ಮೊದಲಿನ ಕಂತು ಕಾಲೇಜಿಗೆ ಹೋಗಿಯೂ ಆಗಿದೆ.

ಅವನು ಪೆನ್ನನ್ನು ಕೆಳಗಿಟ್ಟ. ‘ನೀವಾ?’

‘ನಾನು.’

ಆ ಒಂದು ಶಬ್ದದ ‘ನೀವಾ’ ಅವಳನ್ನು ಬಸ್ಸಿನ ಕಂಡಕ್ಟರಿಗಿಂತ, ಸಂಚಿತಾಳ ನಗೆಗಿಂತ ಆಳಕ್ಕೆ ತಾಗಿತು. ಅವನು ಗಾಜಿನಾಚೆ ನೋಡಿದ. ಅವನು ಚಿಕ್ಕವನಿದ್ದಾಗ ಇದೇ ಕೋಣೆಯಲ್ಲಿ, ತಂದೆಯ ಮೇಜಿನಡಿ, ಅವಳ ಟೈಪ್‌ರೈಟರಿನ ಹಳೆಯ ರಿಬ್ಬನ್ನಿನಲ್ಲಿ ಕೈ ಕಪ್ಪು ಮಾಡಿಕೊಂಡು ಆಡುತ್ತಿದ್ದ.

‘ಕಾಲೇಜಿಗೆ ನಾನು ಫೋನ್ ಮಾಡ್ತೇನೆ,’ ಎಂದ. ‘ಮೆಷೀನಿನ ತೊಂದರೆ ಆಯ್ತು, ಪುನಃ ಕಳಿಸ್ತೇವೆ ಅಂತ.’

‘ಮೆಷೀನಿನದ್ದು ಅರ್ಧ.’

‘ಉಳಿದ ಅರ್ಧ ಅವರಿಗೆ ಯಾಕೆ? ನೀವು ಮೊದಲಿಂದ ಕೇಳಿ, ಸರಿ ಮಾಡಿ ಕೊಡಿ.’ ಅವಳು ಬಾಗಿಲ ಹತ್ತಿರ ಹೋದ ಮೇಲೆ, ‘ಕೇಳದಿದ್ರೆ ಕೇಳ್ಲಿಲ್ಲ ಅಂತ ಬರೀರಿ ಮೇಡಂ. ಖಾಲಿ ಬಿಟ್ರೂ ಅಡ್ಡಿಯಿಲ್ಲ,’ ಎಂದ.

ಊಟದ ಹೊತ್ತಿಗೆ ಸುಹೈಲಾ ಸರಿಮಾಡಿದ್ದನ್ನು ತಂದು ಮೊದಲು ಅವಳ ಕಂಪ್ಯೂಟರಿಗೇ ಹಾಕಿದಳು. ಡ್ಯಾಫ್ನಿ ಹೆಡ್‌ಫೋನ್ ಏರಿಸಿ ಪೆಡಲ್ ಒತ್ತಿದಳು. ಬಲಗಡೆಯಿಂದ ಒಂದು ಹುಡುಗಿಯ ಸ್ವರ, ಎರಡು ವಾರ ಅವಳ ಪಕ್ಕದಲ್ಲೇ ಕೂತಿದ್ದೂ ಮಾತಾಡದವಳು ಈಗ ಬಾಯಿಬಿಟ್ಟ ಹಾಗೆ, ‘ಮೊಯ್ದೀನಬ್ಬಾ, ಮದುವೆಗೆ ಮುಂಚೆ ಅಲೀಮಮ್ಮನನ್ನು ನೋಡ್ಲಿಕ್ಕೆ ಹೋದಾಗ ಹೆದರಿಕೆ ಆಗ್ಲಿಲ್ವಾ?’ ಎಂದಿತು. ಬಿರುಗಾಳಿ ಎಲ್ಲಿಯೂ ಇರಲಿಲ್ಲ. ಡ್ಯಾಫ್ನಿಗೆ ಜೋರಾಗಿ ನಗು ಬಂತು. ಸುಹೈಲಾಳಿಗೂ ಕೇಳಿಸಿದಳು, ತಾನು ಬರೆದದ್ದನ್ನೂ ತೋರಿಸಿದಳು. ಸುಹೈಲಾ ನಗುತ್ತ ಪಕ್ಕದ ಕುರ್ಚಿಯಲ್ಲಿ ಕುಸಿದಳು.

ಆಮೇಲೆ ನಗು ನಿಂತಾಗ ಕೇಳಿದಳು: ‘ನನಗೆ ಹೇಳ್ಬಹುದಿತ್ತಲ್ಲ.’

‘ಹೇಳಿದ್ರೆ ನೀನು ಡಾಕ್ಟ್ರಿಗೆ ಕಿವಿ ತೋರಿಸಿ ಅಂತಿದ್ದೆ.’

‘ಇಲ್ಲ. ನಾನು ಮೆಷೀನು ನೋಡ್ತಿದ್ದೆ. ನನಗೆ ಬೇರೆ ಎಂತ ಗೊತ್ತುಂಟು?’ ಎಂದು ಹೇಳಿ, ಹೆಡ್‌ಫೋನ್ ಅವಳಿಗೆ ಹಿಂದೆ ಕೊಟ್ಟಳು. ‘ಈಗ ಸರಿಯಾಗಿ ಹೇಳಿ. ಎರಡೂ ಕಡೆ ಒಂದೇ ಉಂಟಾ?’

ಡ್ಯಾಫ್ನಿ ಕೇಳಿದಳು. ಉತ್ತರ, ಪ್ರಶ್ನೆ, ಪುನಃ ಉತ್ತರ. ಕಣ್ಣು ಮುಚ್ಚಿ ಕೇಳಿದಳು. ಉಂಟು ಉಂಟು ಎಂಬ ಮಾತು ನಾಲಗೆಯ ತುದಿಯಲ್ಲಿ ಯಾವಾಗಿನ ಹಾಗೆ ಸಿದ್ಧವಾಗಿ ನಿಂತಿತ್ತು.

‘ಇಲ್ಲ,’ ಎಂದಳು. ‘ಬಲದ್ದು ಸ್ವಲ್ಪ ಕಡಿಮೆ.’

ಸುಹೈಲಾ ಹೆಡ್‌ಫೋನ್ ತೆಗೆದುಕೊಂಡು ತಾನು ಹಾಕಿ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳ ಮುಖವನ್ನು ನೋಡುತ್ತಿದ್ದ ಡ್ಯಾಫ್ನಿಗೆ ಗೊತ್ತಾಯಿತು. ಸುಹೈಲಾ ಪರದೆಯಲ್ಲಿ ಒಂದು ಚಿಕ್ಕ ಕಿಟಕಿ ತೆರೆದು, ಹೆಡ್‌ಫೋನನ್ನು ಅವಳ ತಲೆಗೆ ತಾನೇ ಇಟ್ಟು, ಬಲಗಡೆಯ ಗೆರೆಯನ್ನು ತುಸು ಮೇಲೆ ಎಳೆದಳು.

‘ಈಗ?’

‘ಇನ್ನು ಸ್ವಲ್ಪ.’

‘ಈಗ?’

‘ಈಗ ಸರಿ ಆಯ್ತು.’ ಡ್ಯಾಫ್ನಿ ಪರದೆಯನ್ನೇ ನೋಡುತ್ತ ಕೇಳಿದಳು, ‘ನಿನಗೆ ಕೇಳುವಾಗ ಎರಡೂ ಒಂದೇ ಇತ್ತಲ್ವಾ?’

‘ಒಂದೇ ಇತ್ತು,’ ಎಂದಳು ಸುಹೈಲಾ.

ಡ್ಯಾಫ್ನಿ ಆ ಗೆರೆಯ ಮೇಲೆ ಬೆರಳಿಟ್ಟು ನೋಡಿದಳು. ಅಷ್ಟೇನೂ ಭಯಂಕರವಾಗಿರಲಿಲ್ಲ. ಬೆರಳಗಲದ ಒಂದು ಗೆರೆ, ಅಷ್ಟು.

‘ಇದು ನಿಮ್ಮದರಲ್ಲಿ ಮಾತ್ರ ಇರ್ತದೆ,’ ಎಂದಳು ಸುಹೈಲಾ. ‘ಮುಂದಿನ ಸಲ ಎಲ್ಲದಕ್ಕೆ ಒಟ್ಟಿಗೆ ಹಾಕುವಾಗ ಇದನ್ನು ಮುಟ್ಟದ ಹಾಗೆ ಮಾಡಿಡ್ತೇನೆ. ಮತ್ತೆ ಮೊದಲು ನಿಮ್ಮದಕ್ಕೆ ಹಾಕುದಿಲ್ಲ. ಮುದ್ದಣ್ಣನದ್ದಕ್ಕೆ ಹಾಕ್ತೇನೆ, ಬೊಬ್ಬೆ ಹಾಕುವವರೇ ಒಳ್ಳೇದು.’

‘ನನ್ನದಕ್ಕೇ ಹಾಕು. ನಾನೂ ಬೊಬ್ಬೆ ಹಾಕ್ತೇನೆ.’

‘ನೀವಾ?’

ಬೆಳಿಗ್ಗೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದ ಶಬ್ದವೇ, ಆದರೆ ಇದು ನೋಯಿಸಲಿಲ್ಲ. ಡ್ಯಾಫ್ನಿ ಯೋಚಿಸಿದಳು.

‘ಈ ಪೆಡಲ್ ಗಟ್ಟಿ ಉಂಟು,’ ಎಂದಳು. ‘ಕಳೆದ ಮಳೆಗಾಲದಿಂದ. ಸಂಜೆಗೆ ಕಾಲು ನೋಯ್ತದೆ.’

ಸುಹೈಲಾ ಅವಳನ್ನು ಒಂದು ಗಳಿಗೆ ನೋಡಿ, ದುಪ್ಪಟ್ಟವನ್ನು ಪುನಃ ಸೊಂಟಕ್ಕೆ ಸಿಕ್ಕಿಸಿಕೊಂಡು, ನೆಲದ ಮೇಲೆ ಕೂತಳು.

‘ಕಾಲು ತೆಗೀರಿ, ನೋಡುವ,’ ಎಂದಳು.